ಕಡ್ಡಿ ಗೀರಿದವನ ಸಾಕ್ಷಿ

ನಮ್ಮ ಊರಿನಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡುವವರಿಗಿಂತ ಕೆಡಿಸಿದ್ದನ್ನು ಒಪ್ಪಿಕೊಳ್ಳುವವರಿಗೇ ಹೆಚ್ಚು ಬೆಲೆ. ಬಾಗಿಲು ಕಿರುಗುಟ್ಟತೊಡಗಿದರೆ ಎಷ್ಟು ಎಣ್ಣೆ ಬಿಟ್ಟರೂ ಪ್ರಯೋಜನವಿಲ್ಲ. ಅದಕ್ಕೆ ಕಾರಣರಾದವರು ಅದರ ಮುಂದೆ ನಿಂತು "ನನ್ನಿಂದ ಆತು" ಅನ್ನಬೇಕು. ಅಂದ ತಕ್ಷಣ ಬಾಗಿಲು ಬಾಯಿ ಮುಚ್ಚುತ್ತದೆ. ಮನಸ್ಸಿಟ್ಟು ಅನ್ನಬೇಕೆಂದಿಲ್ಲ, ಕಣ್ಣೀರು ಹಾಕಬೇಕೆಂದಿಲ್ಲ, ಆಕಳಿಸುತ್ತ ಅಂದರೂ ನಡೆಯುತ್ತದೆ. ಮಾತು ಕಾರಣರಾದವರ ಬಾಯಿಂದಲೇ ಬರಬೇಕು, ಅಷ್ಟೇ. ಕಾರಣ ಯಾರೆಂದು ಗೊತ್ತಿಲ್ಲದಿದ್ದರೆ ಮನೆಮಂದಿ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಹೇಳಿ ನೋಡುತ್ತಾರೆ. ಮನೆಯಲ್ಲಿ ಸಿಗದಿದ್ದರೆ ಓಣಿಯವರು ಬಂದು ನಿಲ್ಲುತ್ತಾರೆ. ನನ್ನ ಛತ್ರಿ ಒಮ್ಮೆ ಇಡೀ ತಿಂಗಳು ತೆರೆಯಲೊಲ್ಲದೆ ಕೂತಿತ್ತು. ಕೊನೆಗೆ ಕುಂಬಾರ ಓಣಿಯ ಅಜ್ಜಿಯೊಬ್ಬಳು ದಾರಿಯಲ್ಲಿ ಹೋಗುತ್ತ ಸುಮ್ಮನೆ ಅಂದು ನೋಡಿದಳು, ಫಟ್ಟನೆ ತೆರೆದುಕೊಂಡಿತು. ನನ್ನ ಛತ್ರಿಗೂ ಆಕೆಗೂ ಏನು ಸಂಬಂಧವೆಂದು ಆಕೆಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಇಬ್ಬರೂ ಚಹಾ ಕುಡಿದು ನಮ್ಮ ನಮ್ಮ ದಾರಿ ಹಿಡಿದೆವು.

ಇಂಥ ಊರಿಗೆ ಹೊರದೇಶದ ಕಂಪನಿಯೊಂದು ಬಂಡವಾಳ ಹಾಕಿ ಬೆಂಕಿಕಡ್ಡಿ ಕಾರ್ಖಾನೆ ತೆರೆಯಿತು. ಇನ್ನೂರು ಹೆಂಗಸರಿಗೆ ಕೆಲಸ ಸಿಕ್ಕಿತು. ಬ್ರಾನ್ಸೆನ್ ಎಂಬ ಮ್ಯಾನೇಜರ ಬಂದು ಕಾರ್ಖಾನೆಯ ಪಕ್ಕದ ಬಂಗಲೆಯಲ್ಲಿ ಉಳಿದುಕೊಂಡ. ಉದ್ದನೆಯ ಮನುಷ್ಯ, ಮಾತು ಕಡಿಮೆ, ಎಲ್ಲದಕ್ಕೂ ಒಂದೊಂದು ನಿಯಮ ಬರೆದು ಗೋಡೆಗೆ ಅಂಟಿಸುವವನು. ಕಂಪನಿ ಬರುವಾಗ ನಮ್ಮ ಪುರಸಭೆಯಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತ್ತು. ಪುರಸಭೆಯ ತಪ್ಪಿನಿಂದ ಕಂಪನಿಗೆ ನಷ್ಟವಾದರೆ ಕೆಳಗಿನ ಓಣಿಯನ್ನು, ಅಂದರೆ ನಲವತ್ತು ಮನೆಗಳನ್ನು, ಅವುಗಳ ಕಟ್ಟೆ ಬಚ್ಚಲು ಸಮೇತ ಕಂಪನಿಗೆ ಬಿಟ್ಟುಕೊಡಬೇಕು ಎಂದು ಅದರಲ್ಲಿತ್ತು. ಆ ಪುಟವನ್ನು ಬೇರೆ ಯಾರೂ ಓದಿರಲಿಲ್ಲ. ಪುರಸಭೆಯ ಹಿರಿಯ ಗುಮಾಸ್ತನಾದ ನಾನು ಓದಿದ್ದೆ, ಆದರೆ ಯಾರೂ ಕೇಳಲಿಲ್ಲವೆಂದು ಹೇಳಿರಲಿಲ್ಲ. ನನ್ನ ಸ್ವಭಾವವೇ ಹಾಗೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೂರು ವರ್ಷ ಕಡ್ಡಿಗಳು ಚೆನ್ನಾಗಿ ಉರಿದವು. ಆಮೇಲೆ ಕಾರ್ಖಾನೆಯ ಸೈರನ್ನಿನ ತಂಟೆ ಬಂತು. ಬೆಳಿಗ್ಗೆ ಐದಕ್ಕೇ ಕೂಗಿ ಊರಿಗೆ ಊರನ್ನೇ ಎಬ್ಬಿಸುತ್ತಿದ್ದ ಅದನ್ನು ಏಳಕ್ಕೆ ಕೂಗಿಸಬೇಕೆಂದು ಪುರಸಭೆ ಆದೇಶ ಹೊರಡಿಸಿತು. ಅದಾದ ಎಂಟನೆಯ ದಿನ ಕಡ್ಡಿಗಳು ಹೊತ್ತಿಕೊಳ್ಳುವುದನ್ನು ನಿಲ್ಲಿಸಿದವು. ಮದ್ದು ಬದಲಿಸಿದರು, ಕಟ್ಟಿಗೆ ಬದಲಿಸಿದರು, ಒಣಗಿಸಿದ್ದನ್ನೇ ಮತ್ತೆ ಒಣಗಿಸಿದರು. ಗೀರಿದರೆ ಚರ್ರ್ ಎನ್ನುವುದು, ಅಷ್ಟೇ. ಕಾರ್ಖಾನೆ ಮುಚ್ಚಿತು. ಇನ್ನೂರು ಹೆಂಗಸರು ಮನೆ ಸೇರಿದರು. ನಿಮ್ಮ ಸೈರನ್ ಆದೇಶದಿಂದಲೇ ನಮಗೆ ನಷ್ಟವಾಯಿತು, ಕೆಳಗಿನ ಓಣಿ ಬಿಟ್ಟುಕೊಡಿ ಎಂದು ಕಂಪನಿ ದಾವೆ ಹೂಡಿತು.

ಸಾಲು ನಿಲ್ಲಿಸಿದ್ದರೆ ಅಂದೇ ಮುಗಿಯುತ್ತಿತ್ತು ಎಂದು ಎಲ್ಲರೂ ನಂಬಿದ್ದರು. ಆದರೆ ಕಂಪನಿಯ ವಕೀಲನೂ ನಮ್ಮ ವಕೀಲನೂ ಒಂದೇ ಮಾತು ಹೇಳಿದರು: ದಾವೆ ಮುಗಿಯುವವರೆಗೆ ಯಾರೂ ಯಾವುದಕ್ಕೂ "ನನ್ನಿಂದ ಆತು" ಅನ್ನಕೂಡದು, ಅಂದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ಕಡ್ಡಿಗಷ್ಟೇ ಅಲ್ಲ, ಯಾವುದಕ್ಕೂ. ಎರಡು ವರ್ಷ ನಮ್ಮ ಊರು ಆ ಮಾತಿಲ್ಲದೆ ಬದುಕಿತು. ಅದನ್ನು ಬದುಕು ಎನ್ನಬಹುದಾದರೆ! ಒಡೆದ ಹಾಲು ಒಡೆದೇ ಇತ್ತು. ಸೋರುವ ನಲ್ಲಿ ಸೋರುತ್ತಲೇ ಇತ್ತು. ಗಡಿಯಾರಗಳು ನಿಂತಲ್ಲೇ ನಿಂತವು. ಕಿರುಗುಟ್ಟುವ ಬಾಗಿಲುಗಳಿಂದ ಊರು ಕಪ್ಪೆಯ ಹೊಂಡದಂತಾಯಿತು. ಗಂಡ ಹೆಂಡಿರು ತಮ್ಮದೇ ಅಡುಗೆಮನೆಯಲ್ಲಿ ಕೈಸನ್ನೆ ಮಾಡಿಕೊಳ್ಳುತ್ತ ಕೂತರು, ಅಪ್ಪಿತಪ್ಪಿ ಬಾಯಿಂದ ಬಂದರೆ ಓಣಿಯೇ ಹೋದೀತು ಎಂಬ ಹೆದರಿಕೆ. ಎಲ್ಲರೂ ವಕೀಲರನ್ನು ಬಯ್ಯುತ್ತಿದ್ದರು. ನಾನೂ ಎಲ್ಲರ ಜೊತೆ ಬಯ್ಯುತ್ತಿದ್ದೆ. ಒಳಗೊಳಗೇ ಮಾತ್ರ ಆ ವಕೀಲರ ಹೊಟ್ಟೆ ತಣ್ಣಗಿರಲಿ ಎಂದುಕೊಳ್ಳುತ್ತಿದ್ದೆ.

ಯಾಕೆಂದು ಈಗಲೇ ಹೇಳುತ್ತೇನೆ. ಕೆಳಗಿನ ಓಣಿಯಲ್ಲಿ ಫಕೀರವ್ವ ಎಂಬಾಕೆ ಇದ್ದಾಳೆ. ಕಾರ್ಖಾನೆಯಲ್ಲಿ ಕಡ್ಡಿಗಳನ್ನು ಮದ್ದಿಗೆ ಅದ್ದುವ ಕೆಲಸ. ಆಕೆ ನಕ್ಕರೆ ಎರಡು ಓಣಿಯಾಚೆ ಕೇಳುತ್ತದೆ. ಆ ನಗು ಕೇಳಿಕೊಂಡೇ ನಾನು ಮನಸ್ಸು ಕಳೆದುಕೊಂಡದ್ದು. ಒಮ್ಮೆ ಧೈರ್ಯ ಮಾಡಿ, ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಿ, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದೆ. ಆಕೆ ನಕ್ಕಳು. "ಗುಮಾಸ್ತರ, ಅರ್ಜಿ ಬರದು ಕೊಡ್ರಿ, ವಿಚಾರ ಮಾಡೋಣು" ಎಂದಳು. ತಮಾಷೆಗೆ ಅಂದದ್ದು, ಬೇಡ ಎಂದೇನೂ ಅಂದಿರಲಿಲ್ಲ. ಆದರೆ ಬಟ್ಟೆ ಅಂಗಡಿಯವನೂ ನಕ್ಕ. ನಾನು ಮುಖ ಗಂಟು ಹಾಕಿಕೊಂಡು ಬಂದವನು ಮತ್ತೆ ಆ ದಾರಿ ಹಿಡಿಯಲಿಲ್ಲ. ಸೈರನ್ ಆದೇಶ ಹೊರಟ ಮೂರನೆಯ ದಿನ ಬ್ರಾನ್ಸೆನ್ ಹೊಸ ನಿಯಮ ಅಂಟಿಸಿದ: ಕಡ್ಡಿ ಕಾರ್ಖಾನೆಯಲ್ಲಿ ಜೋರಾಗಿ ನಗುವುದು ಬೆಂಕಿಗೆ ದಾರಿ, ನಕ್ಕವರು ಮನೆಗೆ. ಮಧ್ಯಾಹ್ನದ ಹೊತ್ತಿಗೆ ಫಕೀರವ್ವ ಮನೆಯಲ್ಲಿದ್ದಳು. ಐದನೆಯ ದಿನ ಆಕೆಯ ಅರ್ಜಿ ಪುರಸಭೆಗೆ ಬಂತು. ಎಂಟನೆಯ ದಿನದ ಸಭೆಯಲ್ಲಿ ಅದನ್ನು ಓದಬೇಕಾಗಿತ್ತು. ಓದಿದ್ದರೆ ಸಭೆಯವರು ಮ್ಯಾನೇಜರನನ್ನು ಕರೆಸಿ ನಾಲ್ಕು ಮಾತು ಹೇಳಿ ಆಕೆಯನ್ನು ಮರಳಿ ಕೆಲಸಕ್ಕೆ ಸೇರಿಸುತ್ತಿದ್ದರು, ಅದರಲ್ಲಿ ಅನುಮಾನವೇ ಇಲ್ಲ. ನಾನು ಅರ್ಜಿಯನ್ನು ಎರಡು ಸಲ ಓದಿದೆ. ವಿಚಾರ ಮಾಡೋಣ ಎಂದುಕೊಂಡು ಮೇಜಿನ ಖಾನೆಯೊಳಗೆ ಹಾಕಿ ಬೀಗ ತಿರುವಿದೆ. ಸಭೆ ಮುಗಿದ ಆ ಸಂಜೆಯೇ ಕಡ್ಡಿಗಳು ಉರಿಯುವುದನ್ನು ನಿಲ್ಲಿಸಿದವು.

ಎರಡು ವರ್ಷದ ಮೇಲೆ ಹೊರದೇಶದಿಂದ ಮೂವರು ಪಂಚರು ತೀರ್ಪು ಕೊಡಲು ಬಂದರು. ಪುರಸಭೆಯ ಸಭಾಂಗಣದಲ್ಲಿ ಮೇಜು ಹಾಕಿದೆವು. ಅವರ ಅಧ್ಯಕ್ಷೆ ಬೆಳ್ಳಿಗೂದಲಿನ ಮುದುಕಿ, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ಅಭ್ಯಾಸ. ಅವರ ಮಾತನ್ನು ನಮಗೂ ನಮ್ಮ ಮಾತನ್ನು ಅವರಿಗೂ ಶಾಲೆಯ ಮಾಸ್ತರರು ತಿಳಿಸುತ್ತಿದ್ದರು. ಆಕೆ ಮೊದಲ ದಿನವೇ ಹೇಳಿದಳು: "ನಷ್ಟವಾಗಿದೆ, ಸರಿ. ಆದೇಶ ಹೊರಟಿದೆ, ಅದೂ ಸರಿ. ಅದರಿಂದಲೇ ಇದು ಆಯಿತು ಎನ್ನುವುದನ್ನು ತೋರಿಸಿ. ಒಂದಾದ ಮೇಲೆ ಇನ್ನೊಂದು ಆಯಿತು ಎಂದರೆ ಸಾಲದು."

ಕಂಪನಿಯ ವಕೀಲ ಇದಕ್ಕೆಂದೇ ಒಬ್ಬ ತಜ್ಞನನ್ನು ಕರೆತಂದಿದ್ದ. ಅವನು ಗೋಡೆಯುದ್ದದ ನಕ್ಷೆಯೊಂದನ್ನು ಬಿಚ್ಚಿದ. ಸೈರನ್ ಆದೇಶವೇ ಹೊರಡದಿದ್ದರೆ ನಮ್ಮ ಊರು ಇಂದು ಹೇಗಿರುತ್ತಿತ್ತು ಎಂಬುದು ಅದರಲ್ಲಿತ್ತು. ಅಲ್ಲಿ ಸೈರನ್ ಐದಕ್ಕೇ ಕೂಗುತ್ತದೆ, ಕಾರ್ಖಾನೆ ಎರಡಾಗಿದೆ, ಲಾರಿಗಳು ನಿಂತಿವೆ. ಪಂಚರು ಕೇಳುವ ಮೊದಲೇ ಊರಿನವರು ನಕ್ಷೆಗೆ ಮುತ್ತಿಕೊಂಡರು. "ಅಲ್ಲಿ ನನ್ನ ಮಗಳ ಲಗ್ನ ಆಗೇತೇನ್ರೀ?" ಎಂದು ಒಬ್ಬಾಕೆ ಕೇಳಿದಳು. ತಜ್ಞ ಕಾಗದ ತಿರುವಿ, ಆಗಿರುವ ಸಂಭವ ನೂರಕ್ಕೆ ಅರವತ್ತು ಎಂದ. ಆಕೆ ವರ ಯಾವ ಊರಿನವನೆಂದು ಕೇಳಿದಳು. ಮುದುಕನೊಬ್ಬ ಬಹಳ ಹೊತ್ತು ನಕ್ಷೆಯ ಮೂಲೆಯಲ್ಲಿ ತನ್ನ ಮನೆ ಹುಡುಕಿ, ಸಿಕ್ಕ ಮೇಲೆ ಮೆಲ್ಲನೆ, "ನಮ್ಮಾಕಿ ಹೋದ ವರ್ಷ ತೀರಿಕೊಂಡ್ಲು. ಇಲ್ಲಿ ಅದಾಳೇನು?" ಎಂದ. ತಜ್ಞ ನೀರು ಕುಡಿದ. ಅಂದಿನಿಂದ ಮುದುಕ ದಿನವೂ ಬಂದು ನಕ್ಷೆಯ ಕೆಳಗೆ ಕೂರತೊಡಗಿದ. ಅವನನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ.

ನಮ್ಮ ವಕೀಲ ಪ್ರತಿತಜ್ಞನನ್ನು ತಂದ. ಅವನ ನಕ್ಷೆಯಲ್ಲಿ ಆದೇಶ ಹೊರಡದಿದ್ದರೂ ಕಾರ್ಖಾನೆ ಮುಚ್ಚಿಯೇ ಇತ್ತು. ಎರಡೂ ನಕ್ಷೆ ಎದುರುಬದುರು ತೂಗಿದವು. ಊರಿನವರು ಅರ್ಧ ಮಂದಿ ಮೊದಲ ನಕ್ಷೆಯ ಊರಿನಲ್ಲಿ ಇರುವುದೇ ಚೆನ್ನ ಎಂದರು, ಅರ್ಧ ಮಂದಿ ಎರಡನೆಯ ನಕ್ಷೆಯದರಲ್ಲಿ ಎಂದರು, ಜಗಳ ಹತ್ತಿಕೊಂಡಿತು. ನಾವು ನಿಂತಿದ್ದ ಊರನ್ನು ಯಾರೂ ಆರಿಸಲಿಲ್ಲ. ಆರನೆಯ ದಿನ ಅಧ್ಯಕ್ಷೆ ಎರಡೂ ನಕ್ಷೆ ಸುತ್ತಿಡಿಸಿ, "ನಿಮ್ಮ ಊರಿನಲ್ಲಿ ಇದಕ್ಕೊಂದು ಪದ್ಧತಿ ಇದೆಯಂತಲ್ಲ, ಅದನ್ನೇ ಮಾಡಿ" ಎಂದಳು. ವಕೀಲರಿಬ್ಬರೂ ಒಟ್ಟಿಗೆ ಎದ್ದು ಬೇಡ ಎಂದರು. ಎರಡು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಎರಡನೆಯ ಸಂಗತಿ ಅದು. ಆಕೆ ಕೇಳಲಿಲ್ಲ. ಸಾಲು ಶುರುವಾದ ಮೇಲೆ ಯಾರೂ ಹೊಸ ದೂರು ತರುವಂತಿಲ್ಲ ಎಂದು ಇಬ್ಬರಿಂದಲೂ ಬರೆಸಿಕೊಂಡು ಸಾಲು ನಿಲ್ಲಿಸಿದಳು.

ಪ್ರತಿಯೊಬ್ಬರೂ ಹೇಳಿದ ಮೇಲೆ ಒಂದು ಕಡ್ಡಿ ಗೀರಿ ನೋಡಬೇಕಿತ್ತು. ಆ ಕೆಲಸಕ್ಕೆ ಕೈ ನಡುಗದ, ಯಾವ ಕಡೆಗೂ ವಾಲದ ಒಬ್ಬ ಸರ್ಕಾರಿ ಮನುಷ್ಯ ಬೇಕೆಂದರು. ಎಲ್ಲರೂ ನನ್ನ ಕಡೆ ನೋಡಿದರು. ಕಡ್ಡಿ ಗೀರುವವನು ಸಾಲಿನಲ್ಲಿ ನಿಲ್ಲಬೇಕೇ ಬೇಡವೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಮಾತ್ರ ಮೊದಲು ಹೊಳೆದದ್ದೇ ಅದು.

ಎರಡು ದಿನ ಸಾಲು ನಡೆಯಿತು. ಸೈರನ್ ಆದೇಶಕ್ಕೆ ಸಹಿ ಹಾಕಿದ ಪುರಸಭೆಯ ಅಧ್ಯಕ್ಷರು ಬೆವರುತ್ತ ಬಂದು ಹೇಳಿದರು, ಕಡ್ಡಿ ಉರಿಯಲಿಲ್ಲ. ಅವರು ಕುರ್ಚಿಯಲ್ಲಿ ಕುಸಿದು ಒಂದು ಚೊಂಬು ಮಜ್ಜಿಗೆ ಕುಡಿದರು. ಸೈರನ್ ಕೂಗಿಸುವವನು ಹೇಳಿದ, ಕಟ್ಟಿಗೆ ತರುವವನು ಹೇಳಿದ, ಬ್ರಾನ್ಸೆನ್ ಬಂದು ತನ್ನ ಮುರುಕು ಕನ್ನಡದಲ್ಲಿ ಹೇಳಿದ. ಚರ್ರ್, ಅಷ್ಟೇ. ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದ ಜನರಿಗೆ ಹೇಳುವುದೇ ಒಂದು ಸುಖವಾಗಿ, ಕೆಲವರು ಎರಡೆರಡು ಸಲ ಸಾಲಿಗೆ ಬಂದರು. ಎರಡನೆಯ ದಿನ ಸಂಜೆ ಊರು ಮುಗಿಯಿತು, ಕಡ್ಡಿ ಉರಿಯಲಿಲ್ಲ. ನಮ್ಮ ಪದ್ಧತಿ ಹೀಗೆ ಕೈಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಅಧ್ಯಕ್ಷೆ ಕನ್ನಡಕ ಹುಡುಕುತ್ತ ಕೇಳಿದಳು: "ಇಬ್ಬರಿಂದ ಆಗಿದ್ದರೆ? ಒಬ್ಬರಿಂದಲೇ ಆಗುತ್ತಿರಲಿಲ್ಲ, ಇಬ್ಬರೂ ಸೇರಿದ್ದರಿಂದ ಆಯಿತು ಎಂದಾದರೆ? ಇಬ್ಬರನ್ನು ಒಟ್ಟಿಗೆ ನಿಲ್ಲಿಸಿ ಹೇಳಿಸಿದ್ದೀರಾ?" ಸಭೆ ಗೊಳ್ಳೆಂದಿತು. ತಪ್ಪನ್ನು ಜೋಡಿಯಾಗಿ ಒಪ್ಪಿಕೊಳ್ಳುವುದೆ? ನಮ್ಮಲ್ಲಿ ಜೋಡಿಯಾಗಿ ನಿಲ್ಲುವುದು ಮದುವೆಯಲ್ಲಿ ಮಾತ್ರ. ಇಷ್ಟು ತಲೆಮಾರುಗಳಲ್ಲಿ ಆ ಪ್ರಶ್ನೆ ಯಾರಿಗೂ ಬಂದಿರಲಿಲ್ಲ. ನಾನು ನಗಲಿಲ್ಲ. ಕೈಯಲ್ಲಿದ್ದ ಕಡ್ಡಿ ಎರಡು ತುಂಡಾಗಿತ್ತು.

ಮಾಸ್ತರರು ಹಲಗೆಯ ಮೇಲೆ ಗುಣಿಸಿ, ಊರಿನ ಪ್ರತಿಯೊಬ್ಬರನ್ನೂ ಪ್ರತಿಯೊಬ್ಬರ ಜೊತೆ ನಿಲ್ಲಿಸಿದರೆ ಊಟ ನಿದ್ದೆ ಬಿಟ್ಟರೂ ಒಂಬತ್ತು ತಿಂಗಳು ಹಿಡಿಯುತ್ತದೆ ಎಂದರು. ಕಂಪನಿಯ ವಕೀಲ ತುಂಬ ಜಾಣ. ನಮ್ಮ ಮ್ಯಾನೇಜರನನ್ನೇ ಒಂದು ಕಡೆ ನಿಲ್ಲಿಸಿ, ಊರಿನವರೆಲ್ಲ ಅವನ ಜೊತೆ ಹೇಳಲಿ, ಯಾರ ಜೊತೆಗೂ ಕಡ್ಡಿ ಹೊತ್ತದಿದ್ದರೆ ಅವನ ಕೈ ಶುದ್ಧವೆಂದು ಬರೆದುಕೊಳ್ಳಿ, ಉಳಿದದ್ದು ಪುರಸಭೆಯ ತಲೆಗೆ ಎಂದ. ಹೀಗೆ ಬ್ರಾನ್ಸೆನ್ನನ್ನು ಒಂದು ಸ್ಟೂಲಿನ ಮೇಲೆ ನಿಲ್ಲಿಸಲಾಯಿತು. ಪಾಪ, ಮೂರು ದಿನ ಅವನು ನಿಂತೇ ಇದ್ದ. ಹಾಲಿನವಳ ಜೊತೆ ಹೇಳಿದ, ಕ್ಷೌರಿಕನ ಜೊತೆ ಹೇಳಿದ, ಕಂಕುಳ ಕೂಸುಗಳ ಜೊತೆಯೂ ಹೇಳಿದ. ಮೊದಲ ದಿನ "ನನ್ನಿಂದಾ ಆಟು" ಎನ್ನುತ್ತಿದ್ದವನು ಮೂರನೆಯ ದಿನಕ್ಕೆ ನಮಗಿಂತ ಚೆನ್ನಾಗಿ ಹೇಳತೊಡಗಿದ. ನಾನು ಗೀರುತ್ತಲೇ ಇದ್ದೆ. ಹೆಬ್ಬೆರಳು ಬೊಬ್ಬೆ ಎದ್ದಿತ್ತು. ರಾತ್ರಿ ಅನ್ನ ಕಲಸಲೂ ಆಗುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಬಾಯಿ ಬಿಟ್ಟರೆ ಕಡ್ಡಿ ಹೊತ್ತುತ್ತದೆಂದು ನನಗೆ ಗೊತ್ತಿತ್ತು. ನಾನು ಪುರಸಭೆಯ ಮನುಷ್ಯ, ನನ್ನ ತಪ್ಪು ಪುರಸಭೆಯ ತಪ್ಪು, ಕೆಳಗಿನ ಓಣಿ ಹೋಗುತ್ತದೆ ಎಂಬುದೂ ಗೊತ್ತಿತ್ತು. ಓಣಿಯನ್ನು ಉಳಿಸಲೆಂದೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಷ್ಟು ಸೊಗಸಾದ ನೆಪ!

ಮೂರನೆಯ ದಿನ ಮಧ್ಯಾಹ್ನ ಕಾರ್ಖಾನೆಯ ಹೆಂಗಸರ ಸರದಿ ಬಂತು. ಎಲ್ಲರ ಹಿಂದೆ ಫಕೀರವ್ವ ಬಂದಳು. ಎರಡು ವರ್ಷದಿಂದ ನಾನು ಆಕೆಯನ್ನು ದೂರದಿಂದ ನೋಡಿದ್ದೆನೇ ಹೊರತು ಹತ್ತಿರದಿಂದ ನೋಡಿರಲಿಲ್ಲ, ಮೊದಲ ಸಾಲಿನಲ್ಲಿ ಆಕೆ ಬಂದಾಗಲೂ ಕಡ್ಡಿಯ ಮೇಲಿನ ಕಣ್ಣು ಎತ್ತಿರಲಿಲ್ಲ. ಸೊರಗಿದ್ದಳು. ಸ್ಟೂಲಿನ ಪಕ್ಕ ನಿಂತು ಅಧ್ಯಕ್ಷೆಗೆ ಕೈ ಮುಗಿದಳು.

"ಒಂದು ಮಾತು ಹೇಳಿಬಿಡ್ತೀನ್ರಿ ಅವ್ವಾರ. ಮೊದಲನೇ ಸಾಲಿನಾಗ ನಾ ಅಂದಾಗ ಕಡ್ಡಿ ಹತ್ತಲಿಲ್ಲ. ಆದ್ರ ನನಗ ಗೊತ್ತೈತಿ, ಇದು ನನ್ನಿಂದನ ಆಗಿದ್ದು. ಬೆಂಕಿ ಮುಂದ ಕುಂತು ನಕ್ಕಾಕಿ ನಾನ. ಅರ್ಜಿ ಕೊಟ್ಟೆ, ಸಭಾದಾಗ ಒಬ್ರೂ ತುಟಿ ಪಿಟಕ್ ಅನಲಿಲ್ಲ. ಊರ ಮಂದಿಗೂ ನಂದ ತಪ್ಪು ಅನಿಸಿರಬೇಕಲ್ಲ, ಅದಕ್ಕ ಅನಲಿಲ್ಲ ಅಂತ ತಿಳಕೊಂಡೆ. ಎರಡು ವರ್ಷ ಆತು, ನಾ ನಕ್ಕಿಲ್ಲ. ಇನ್ನೂರು ಮಂದಿ ಒಲಿ ಆರಿಸಿದಾಕಿ ಯಾವ ಮಾರಿ ಹೊತ್ತು ನಗಲಿ?"

ಸಭೆಯವರು ಯಾವ ಅರ್ಜಿ ಎಂದು ಪಿಸುಗುಟ್ಟಿದರು. ಆಕೆ ಮತ್ತು ಬ್ರಾನ್ಸೆನ್ ಒಟ್ಟಿಗೆ, "ನನ್ನಿಂದ ಆತು" ಎಂದರು. ನಾನು ಗೀರಿದೆ. ಉರಿಯಲಿಲ್ಲ. ಆಕೆ ಆ ಕಡ್ಡಿಯನ್ನೇ ನೋಡುತ್ತ, "ಇನ್ನೊಂದು ಗೀರ್ರಿ ಗುಮಾಸ್ತರ, ಅದು ಹಸಿ ಇರಬೇಕು" ಎಂದಳು. ತನ್ನದೇ ತಪ್ಪಾಗಿರಲಿ ಎಂದು ಆಕೆ ಬೇಡಿಕೊಳ್ಳುತ್ತಿದ್ದಳು. ತಪ್ಪು ತನ್ನದಾದರೆ ಹೆಂಗಸರಿಗೆ ಕೆಲಸ ಬರುತ್ತದಲ್ಲ. ನನಗೆ ನಾಚಿಕೆ ಎಂದರೆ ಏನೆಂದು ನಲವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಿತು.

ಕಡ್ಡಿಪೆಟ್ಟಿಗೆಯನ್ನು ಆಕೆಯ ಕೈಗೆ ಕೊಟ್ಟೆ. "ನೀನ ಗೀರು" ಎಂದೆ. ಸ್ಟೂಲಿನ ಪಕ್ಕ ಹೋಗಿ ನಿಂತು, "ಸಾಹೇಬ್ರ, ಇನ್ನೊಂದು ಸಲ" ಎಂದೆ. ಬ್ರಾನ್ಸೆನ್ ನಿದ್ದೆಗಣ್ಣಿನಲ್ಲೇ ಬಾಯಿ ತೆರೆದ. ಇಬ್ಬರೂ ಹೇಳಿದೆವು.

ಫಕೀರವ್ವ ಗೀರಿದ ಕಡ್ಡಿ ಭಗ್ಗೆಂದು ಹೊತ್ತಿಕೊಂಡಿತು. ಆಕೆ ಹೆದರಿ ಅದನ್ನು ಬೀಳಿಸಲೂ ಇಲ್ಲ, ಆರಿಸಲೂ ಇಲ್ಲ. ಇಡೀ ಸಭಾಂಗಣ ಆ ಪುಟ್ಟ ಬೆಂಕಿಯನ್ನು ನೋಡುತ್ತ ಕೂತಿತು. ಬೆರಳಿಗೆ ಬಿಸಿ ತಾಗಿದಾಗ ಆಕೆ ಊದಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಅರ್ಜಿ, ಖಾನೆ, ಬೀಗ, ಬಟ್ಟೆ ಅಂಗಡಿ, ಒಂದನ್ನೂ ಬಿಡಲಿಲ್ಲ. ಮಾಸ್ತರರು ಬಟ್ಟೆ ಅಂಗಡಿಯ ಭಾಗವನ್ನು ಪಂಚರಿಗೆ ತಿಳಿಸುವಾಗ ನನ್ನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿಕೊಂಡರು.

ಕಂಪನಿಯ ವಕೀಲ ಹಬ್ಬ ಬಂದವನಂತೆ ಎದ್ದ. "ಗುಮಾಸ್ತ ಅಂದರೆ ಪುರಸಭೆ! ಪುರಸಭೆಯಿಂದಲೇ ನಷ್ಟ! ನಲವತ್ತು ಮನೆ ನಮ್ಮವು!" ಕೆಳಗಿನ ಓಣಿಯ ಜನ ನನ್ನ ಕಡೆ ತಿರುಗಿದರು. ಆ ನೋಟಗಳನ್ನು ನಾನು ಸಾಯುವವರೆಗೂ ಮರೆಯಲಾರೆ. ಪಂಚರು ಒಳಗೆ ಹೋದರು. ಅವರು ಹೊರಗೆ ಬರುವವರೆಗೆ ನನ್ನ ಪಕ್ಕದ ಎರಡು ಬೆಂಚು ಖಾಲಿ ಇದ್ದವು.

ಅಧ್ಯಕ್ಷೆ ಬಂದು ಕೂತು, ಮಾಸ್ತರರಿಗೆ ಸರಿಯಾಗಿ ಹೇಳಬೇಕೆಂದು ಎಚ್ಚರಿಸಿ, ತೀರ್ಪು ಓದಿದಳು. "ಕಂಪನಿ ದೂರಿದ್ದು ಸೈರನ್ ಆದೇಶವನ್ನು. ಆ ಆದೇಶದಿಂದ ಕಡ್ಡಿ ಕೆಡಲಿಲ್ಲ. ಕಡ್ಡಿ ಕೆಟ್ಟದ್ದು ಒಬ್ಬ ಹೆಂಗಸಿಗೆ ಆದ ಅನ್ಯಾಯದಿಂದ. ಅದನ್ನು ಶುರು ಮಾಡಿದವನು ಕಂಪನಿಯ ಮ್ಯಾನೇಜರ, ಮುಚ್ಚಿಟ್ಟವನು ಗುಮಾಸ್ತ. ಅದರ ಬಗ್ಗೆ ಕಂಪನಿ ದೂರಿಲ್ಲ. ದೂರಿದ ತಪ್ಪಿನಿಂದ ನಷ್ಟವಿಲ್ಲ, ನಷ್ಟ ತಂದ ತಪ್ಪಿನ ಮೇಲೆ ದೂರಿಲ್ಲ. ದಾವೆ ವಜಾ." ವಕೀಲ ಹೊಸ ದೂರು ಬರೆಯಲು ಪೆನ್ನು ತೆಗೆದ. ಆಕೆ ಅವನದೇ ಸಹಿಯ ಕಾಗದವನ್ನು ಅವನ ಮುಂದೆ ಸರಿಸಿದಳು.

ಅಂದು ಸಂಜೆ ಊರಿನಲ್ಲಿ ಕೇಳಬೇಕಿತ್ತು. ಮನೆಮನೆಯಿಂದ "ನನ್ನಿಂದ ಆತು, ನನ್ನಿಂದ ಆತು" ಎಂಬ ಕೂಗು. ಎರಡು ವರ್ಷದ ಬಾಗಿಲುಗಳು ಒಂದೊಂದಾಗಿ ಸುಮ್ಮನಾದವು, ನಿಂತ ಗಡಿಯಾರಗಳು ಗಾಬರಿಬಿದ್ದು ಬಡಿದುಕೊಂಡವು. ವಾರದಲ್ಲಿ ಕಾರ್ಖಾನೆ ತೆರೆಯಿತು. ಬ್ರಾನ್ಸೆನ್ ನಗುವಿನ ನಿಯಮ ಹರಿದುಹಾಕಿ ಫಕೀರವ್ವನನ್ನು ತಾನೇ ಹೋಗಿ ಕರೆದ. ಮೂರು ದಿನದ ರೂಢಿ ಬಿಡಲಾರದೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರದ ಬದಲು "ನನ್ನಿಂದ ಆತು" ಎನ್ನುತ್ತಾನೆ. ನನ್ನನ್ನು ಹಿರಿಯ ಗುಮಾಸ್ತನ ಕುರ್ಚಿಯಿಂದ ಇಳಿಸಿ ಟಪಾಲು ಬರೆಯಲು ಕೂರಿಸಿದರು. ಸರಿಯಾದದ್ದನ್ನೇ ಮಾಡಿದರು.

ಎಲ್ಲವೂ ಸರಿಹೋಯಿತು ಎಂದುಕೊಂಡೇ ನಾನು ಒಂದು ಬೆಳಿಗ್ಗೆ ಕೆಳಗಿನ ಓಣಿಗೆ ಹೋದೆ. ಫಕೀರವ್ವ ಬಾಗಿಲಿಗೆ ನೀರು ಹಾಕುತ್ತಿದ್ದಳು. ನಾನು ಅಲ್ಲೇ ನಿಂತೆ.

"ಕಡ್ಡಿ ಛಲೋ ಹತ್ತಾಕತ್ತಾವು" ಎಂದೆ.

"ಹತ್ತಾಕತ್ತಾವು" ಎಂದಳು. ಆಮೇಲೆ ಬಿಂದಿಗೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಅವತ್ತು ನೀವು ಅಂದಿದ್ದು ಕಡ್ಡಿಗೆ. ನನಗ ಯಾವಾಗ ಅಂತೀರಿ?"

ಮೂರು ಸಾವಿರ ಬಾಯಿಂದ ಕೇಳಿದ ಮಾತು ಅದು. ಸಭಾಂಗಣದಲ್ಲಿ ಊರಿನ ಮುಂದೆ ಹೇಳುವುದು ಇದಕ್ಕಿಂತ ಸುಲಭವಾಗಿತ್ತು. "ನನ್ನಿಂದ ಆತು" ಎಂದೆ. ಆಕೆಯ ಮುಖ ನೋಡಿದೆ. ಏನೂ ಬದಲಾಗಲಿಲ್ಲ. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದ ನಾನು ಅಂಥದ್ದನ್ನು ಕಂಡಿರಲಿಲ್ಲ, ಕಾರಣನಾದವನು ಹೇಳಿದ್ದೇನೆ, ಆದರೂ ಏನೂ ಆಗಲಿಲ್ಲ.

"ಏನೂ ಆಗಲಿಲ್ಲಲ್ಲ" ಎಂದೆ, ಮಂಕನಂತೆ.

"ನಾ ಏನ್ ಬೆಂಕಿಕಡ್ಡಿ ಏನ್ರೀ, ಒಮ್ಮೆ ಅಂದ್ರ ಹತ್ತಾಕ?" ಎಂದಳು ಆಕೆ. ಬಿಂದಿಗೆ ಎತ್ತಿಕೊಂಡು ಒಳಗೆ ಹೋಗುತ್ತ, "ನಾಳಿ ಬಂದು ಮತ್ತೊಮ್ಮೆ ಹೇಳ್ರಿ" ಎಂದಳು.

ಹನ್ನೊಂದು ತಿಂಗಳಾಯಿತು, ದಿನವೂ ಬೆಳಿಗ್ಗೆ ಎಂಟಕ್ಕೆ ಹೋಗಿ ಹೇಳಿ ಬರುತ್ತೇನೆ. ಓಣಿಯವರು ಮೊದಲು ನಗುತ್ತಿದ್ದರು, ಈಗ ನನ್ನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಆಕೆ ಇನ್ನೂ ನಕ್ಕಿಲ್ಲ. ನಿನ್ನೆ ನಾನು ಹೇಳಿ ಮುಗಿಸಿ ಹೊರಟಾಗ ಒಳಗಿನಿಂದ, "ದಿನಾ ಹಿಂಗ ಬೀದ್ಯಾಗ ನಿಂತು ಒದರಬ್ಯಾಡ್ರಿ, ನಾಳಿ ಒಳಗ ಬಂದು ಹೇಳ್ರಿ" ಎಂದಳು. ಇವತ್ತು ಬೇಗ ಎದ್ದು, ಒಗೆದ ಅಂಗಿ ತೊಟ್ಟು, ಎಂಟಾಗುವುದನ್ನೇ ಕಾಯುತ್ತ ಕೂತಿದ್ದೇನೆ.